ವೈನ್ ಕುಡಿಯಲ್ಲ ಅಂತೀರಿ, ಮತ್ತೆ ವೈನ್ ಊರಿಗೆ ಸೈಕಲ್ ಯಾಕೆ?

ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು ಎಂಟು ವರ್ಷ ಆಯಿತು. ಯುಗಾದಿ, ರಾಜ್ಯೋತ್ಸವ ಅಂತ ಇಲ್ಲಿನ ಕನ್ನಡದವರು ಸೇರಿದಾಗಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನು ವೈನ್ ಮುಟ್ಟುವುದಿಲ್ಲ. ಆದರೂ ವರ್ಷಕ್ಕೆ ನಾಲ್ಕೈದು ಸಲ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಒಂದೂವರೆ ಗಂಟೆ ಉತ್ತರಕ್ಕೆ, ಕ್ಲೇರ್ ವ್ಯಾಲಿಗೆ ಹೋಗುತ್ತೇನೆ. ಅಲ್ಲಿ ಎತ್ತ ನೋಡಿದರೂ ದ್ರಾಕ್ಷಿ ತೋಟ, ನಡುನಡುವೆ ವೈನರಿ. ‘ಅಲ್ಲಿ ನಿಮಗೇನು ಕೆಲಸ?’ ಊಟದ ಸಾಲಿನಲ್ಲಿ ನಿಂತುಕೊಂಡು ಹೇಳಿದರೆ ಮುಗಿಯುವ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದಾರಿಯ ವಿಷಯ. ಹೆಸರು ರೀಸ್ಲಿಂಗ್ ಟ್ರೇಲ್. ರೀಸ್ಲಿಂಗ್ ಅಂದರೆ ಬಿಳಿ ವೈನ್ ಮಾಡುವ ಒಂದು ದ್ರಾಕ್ಷಿ ತಳಿ, ಮೂಲ ಜರ್ಮನಿ. ಕ್ಲೇರ್‌ನಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ಅದಕ್ಕೆ ಆ ಬಳ್ಳಿ ಅಲ್ಲಿ ಚೆನ್ನಾಗಿ ಒಗ್ಗಿಕೊಂಡಿದೆ. ಆಬರ್ನ್ ಅನ್ನುವ ಚಿಕ್ಕ ಊರಲ್ಲಿ ಹೊರಟು ಲೀಸಿಂಗ್‌ಹ್ಯಾಮ್, ವಾಟರ್‌ವೇಲ್, ಪೆನ್ವರ್ದಮ್, ಸೆವೆನ್‌ಹಿಲ್ ದಾಟಿ, ಕ್ಲೇರ್ ಪೇಟೆಯನ್ನೂ ದಾಟಿ ಬರೀನಿಯಾದವರೆಗೆ ಸುಮಾರು 35 ಕಿ.ಮೀ. ಪೂರ್ತಿ ಒತ್ತಿ ಕೂರಿಸಿದ ಜಲ್ಲಿಪುಡಿಯ ದಾರಿ. ಮೋಟಾರು ಗಾಡಿಗೆ ಜಾಗವೇ ಇಲ್ಲ. ಅಲ್ಲಲ್ಲಿ ರಸ್ತೆ ಅಡ್ಡ ಬರುತ್ತದೆ. ಇಳಿದು, ಆಚೆ ಈಚೆ ನೋಡಿ ದಾಟಿದರೆ ಆಯಿತು.

ಇದು ಒಂದು ಕಾಲದ ರೈಲು ದಾರಿ. 1983ರ ಫೆಬ್ರವರಿಯಲ್ಲಿ ಆಶ್ ವೆನ್ಸ್‌ಡೇ ಅಂತ ಕರೆಯುವ ದೊಡ್ಡ ಕಾಡ್ಗಿಚ್ಚು ಬಂತು. ಹಳಿ ತುಂಬ ಕಡೆ ಹಾಳಾಯಿತು. ಮರುವರ್ಷ ರೈಲು ನಿಂತೇ ಹೋಯಿತು. ಆಮೇಲೆ 1990ರ ದಶಕದಲ್ಲಿ ಊರವರು, ವೈನ್ ಮಾಡುವವರು ಸೇರಿ ತುಂಡು ತುಂಡಾಗಿ ಈ ದಾರಿ ಮಾಡಿಕೊಂಡರು. ಇವತ್ತಿಗೂ ನೋಡಿಕೊಳ್ಳುವವರಲ್ಲಿ ಊರಿನ ಸ್ವಯಂಸೇವಕರೇ ಜಾಸ್ತಿ.

ರೈಲಿನ ದಾರಿ ಆಗಿದ್ದರಿಂದಲೇ ನನ್ನಂಥವರಿಗೆ ಅದು ದಕ್ಕಿತು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರುತ್ತದೆ, ಕಡಿದಾದ ಏರು ಹತ್ತಲಾರದು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರ್ ಹೋದರೆ 1 ಮೀಟರ್ ಏರು. ರೈಲಿಗೆ ಅದೇ ಭಾರಿ ಏರು, ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ನಂದಿ ಬೆಟ್ಟಕ್ಕೆ ಸೈಕಲ್ ತುಳಿದವರಿಗೆ ಆ ಅಳತೆಯ ಏರು ಸಮತಟ್ಟು ಅನ್ನಿಸುತ್ತದೆ. ಕ್ಲೇರ್‌ನಲ್ಲೂ ಹಾಗೇ. ಆಬರ್ನ್‌ನಿಂದ ಸೆವೆನ್‌ಹಿಲ್ ಕಡೆಗೆ ಮೆಲ್ಲಗೆ ಏರು, ಅಲ್ಲಿಂದ ಕ್ಲೇರ್‌ಗೆ ಇಳಿಜಾರು. ಏರಿದ್ದು ಕಾಲಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ಇನ್ನು ನಿಜವಾದ ಉತ್ತರ. ಅದು ಕಿವಿಯ ವಿಷಯ.

ಬೆಂಗಳೂರಿನಲ್ಲಿ ಆರು ವರ್ಷ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿದ್ದೇನೆ. ಒಂದು ದಿನ ಹೆಬ್ಬಾಳದ ಹತ್ತಿರ ಒಂದು ಟೆಂಪೊದ ಕನ್ನಡಿ ಮೊಣಕೈಗೆ ಬಡಿಯಿತು. ಬಿದ್ದೆ. ದೊಡ್ಡ ಗಾಯ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನನ್ನ ಕಿವಿ ಯಾವಾಗಲೂ ಬೆನ್ನ ಹಿಂದೆಯೇ. ಬಸ್ಸಿನ ಬ್ರೇಕು, ಆಟೋದ ಹಾರ್ನು, ಬೈಕಿನ ಗೇರು, ಪ್ರತಿಯೊಂದನ್ನೂ ಅಳೆಯುವುದೇ ಕೆಲಸ. ಕಣ್ಣು ಮುಂದಿನ ಗುಂಡಿಯ ಮೇಲೆ. ಹೀಗೆ ವರ್ಷಗಟ್ಟಲೆ ತುಳಿದರೆ ದಾರಿಯ ಪಕ್ಕ ಏನಿದೆ ಅಂತ ಒಂದು ದಿನವೂ ನೋಡಿರುವುದಿಲ್ಲ. ಸೈಕಲ್ ತುಳಿಯುವವರನ್ನು ಕೇಳಿ ನೋಡಿ, ಎಲ್ಲರದ್ದೂ ಇದೇ ಕಥೆ ಅಲ್ವಾ?

ಮೊದಲ ಸಲ ಆಬರ್ನ್‌ನಿಂದ ಹೊರಟಾಗ ನಾಲ್ಕೈದು ಕಿ.ಮೀ. ಭುಜ ಬಿಗಿಹಿಡಿದೇ ಹೋದೆ, ಅಭ್ಯಾಸದಿಂದ. ಹಿಂದಿನಿಂದ ಏನೂ ಬರಲಿಲ್ಲ. ಏನೂ ಬರುವುದೂ ಇಲ್ಲ ಅಂತ ಮೈಗೆ ಗೊತ್ತಾದದ್ದು ಲೀಸಿಂಗ್‌ಹ್ಯಾಮ್ ಹತ್ತಿರ. ಆಗ ಕಿವಿ ಮುಂದಕ್ಕೆ ಬಂತು. ಟೈರಿನ ಕೆಳಗೆ ಜಲ್ಲಿ ಚರಚರ ಅನ್ನುವುದು ಕೇಳಿತು. ನೀಲಗಿರಿ ಮರದಲ್ಲಿ ಗಲಾ ಗಿಣಿಗಳ ಗಲಾಟೆ ಕೇಳಿತು. ತೋಟದ ಒಳಗೆ ಎಲ್ಲೋ ಕತ್ತರಿಯ ಶಬ್ದ. ಹಿಡಿ ಸಡಿಲ ಮಾಡಿ ಪಕ್ಕಕ್ಕೆ ತಿರುಗಿ ನೋಡಿದೆ. ತಿರುಗಿಯೇ ಎಷ್ಟೋ ದೂರ ಹೋದೆ. ಸೈಕಲ್ ಮೇಲೆ ಕೂತು ಪಕ್ಕಕ್ಕೆ ನೋಡುವ ಸುಖ ನನಗೆ ಬಾಲ್ಯದ ಮೇಲೆ ಸಿಕ್ಕಿದ್ದು ಅವತ್ತೇ.

ನೋಡಲು ಶುರು ಮಾಡಿದರೆ ನಿಲ್ಲಲೂ ಮನಸ್ಸಾಗುತ್ತದೆ. ಸೆವೆನ್‌ಹಿಲ್‌ನಲ್ಲಿ 1851ರಲ್ಲಿ ಜೆಸ್ಯೂಟ್ ಪಾದ್ರಿಗಳು ಪೂಜೆಯ ವೈನಿಗಾಗಿ ಬಳ್ಳಿ ನೆಟ್ಟರು. ಕ್ಲೇರ್‌ನ ಮೊದಲ ವೈನರಿ ಅದೇ. ಇಂದಿಗೂ ಚರ್ಚಿಗೆ ಬೇಕಾದ ವೈನ್ ಅಲ್ಲಿ ತಯಾರಾಗುತ್ತದೆ. ಪೆನ್ವರ್ದಮ್‌ನಲ್ಲಿ ಒಂದು ಪುಟ್ಟ ಚರ್ಚು, ಅಲ್ಲಿ ಜಾನ್ ಹಾರಕ್ಸ್ ಎಂಬುವರ ಸಮಾಧಿ. ಆ ಊರು ಕಟ್ಟಿದವರು ಅವರೇ. 1846ರಲ್ಲಿ ಹೊಸ ನೆಲ ಹುಡುಕುತ್ತ ಒಂಟೆಯೊಂದಿಗೆ ಉತ್ತರಕ್ಕೆ ಹೊರಟರು. ಒಂಟೆ ಹೊರಳಿದ ರಭಸಕ್ಕೆ ಕೈಯಲ್ಲಿದ್ದ ಬಂದೂಕಿನ ಗುಂಡು ಹಾರಿ ಅವರಿಗೇ ತಗುಲಿತು. ಕೆಲವು ವಾರ ನರಳಿ ತೀರಿಕೊಂಡಾಗ ವಯಸ್ಸು 28. ಪಕ್ಕದಲ್ಲೇ ಅವರ ಹೆಸರಿನ ಹೈವೇ ಇದೆ. ಅದರಲ್ಲಿ ಕಾರು ಓಡಿಸಿಕೊಂಡು ಎಷ್ಟು ಸಲ ಆ ಊರು ದಾಟಿದ್ದೆನೋ. ಸಮಾಧಿಯ ಮುಂದೆ ನಿಂತದ್ದು ಸೈಕಲ್‌ನಲ್ಲಿ ಹೋದಾಗಲೇ.

ಇದೆಲ್ಲಕ್ಕಿಂತ ನಾನು ಜಾಸ್ತಿ ನೋಡುವುದು ಬಳ್ಳಿಯನ್ನೇ. ನಮ್ಮದು ಚಿಕ್ಕಬಳ್ಳಾಪುರದ ಕಡೆ. ಅಜ್ಜನ ಕಾಲದಿಂದ ಬೆಂಗಳೂರು ನೀಲಿ ದ್ರಾಕ್ಷಿ. ನಮ್ಮಲ್ಲಿ ಕಲ್ಲು ಕಂಬ ನಿಲ್ಲಿಸಿ, ತಂತಿ ಹೆಣೆದು, ಬಳ್ಳಿಯನ್ನು ಚಪ್ಪರದ ಮೇಲೆ ಹಬ್ಬಿಸುತ್ತಾರೆ. ಗೊಂಚಲು ತಲೆಯ ಮೇಲೆ ತೂಗುತ್ತದೆ, ಕೆಳಗೆ ನೆರಳು. ಕ್ಲೇರ್‌ನಲ್ಲಿ ಚಪ್ಪರವೇ ಇಲ್ಲ. ಸಾಲು ಸಾಲು ಗೂಟ, ಎದೆಯ ಮಟ್ಟಕ್ಕೆ ತಂತಿ, ಬೇಲಿಯ ಹಾಗೆ ನಿಂತ ಬಳ್ಳಿ. ಜುಲೈನಲ್ಲಿ ಬರೀ ಕಪ್ಪು ಕಾಂಡ. ಸೆಪ್ಟೆಂಬರ್‌ನಲ್ಲಿ ಚಿಗುರು, ಅದು ಹತ್ತಿಯಷ್ಟು ಮೆದು. ಫೆಬ್ರವರಿ–ಮಾರ್ಚ್ ಕೊಯ್ಲಿನ ಹೊತ್ತಿಗೆ ಗಾಳಿಯಲ್ಲೇ ಹಣ್ಣಿನ ಹುಳಿ ವಾಸನೆ. ದ್ರಾಕ್ಷಿ ಬೆಳೆದವರ ಮನೆಯ ಮಗನಿಗೆ ಅಲ್ಲೇನು ಕೆಲಸ ಅಂತ ಕೇಳಿದರೆ ಏನು ಹೇಳಲಿ?

ಹೋಗುವ ಮನಸ್ಸು ಮಾಡಿದವರಿಗೆ ನಾಲ್ಕು ಮಾತು. ದುಬಾರಿ ಸೈಕಲ್ ಬೇಡ, ಟೈರು ಸ್ವಲ್ಪ ದಪ್ಪ ಇರಲಿ. ಆಬರ್ನ್‌ನಲ್ಲೂ ಕ್ಲೇರ್‌ನಲ್ಲೂ ಬಾಡಿಗೆಗೆ ಸಿಗುತ್ತದೆ. ನಡು ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು, ಆಗ ಸುಮ್ನೆ ಮನೆಯಲ್ಲಿರಿ. ವಸಂತದಲ್ಲಿ ಮರಿ ಮಾಡಿದ ಮ್ಯಾಗ್‌ಪೈ ಹಕ್ಕಿ ತಲೆಗೆ ಎರಗುತ್ತದೆ. ಹೆದರಬೇಡಿ, ಹೆಲ್ಮೆಟ್ ಇರಲಿ, ನಿಲ್ಲದೆ ದಾಟಿ. ಇನ್ನೊಂದು ಮುಖ್ಯ: ದಾರಿ ಬಿಟ್ಟು ತೋಟದೊಳಗೆ ಕಾಲಿಡಬೇಡಿ. ಫಿಲಾಕ್ಸೆರಾ ಅಂತ ಬೇರು ತಿನ್ನುವ ಒಂದು ಸಣ್ಣ ಕೀಟ ಇದೆ. ಯುರೋಪಿನ ತೋಟಗಳನ್ನು 19ನೇ ಶತಮಾನದಲ್ಲಿ ಅದು ನೆಲಸಮ ಮಾಡಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಇನ್ನೂ ಬಂದಿಲ್ಲ. ಬೂಟಿನ ಮಣ್ಣಿನಲ್ಲಿ ಬಂದರೂ ಸಾಕು, ಒಬ್ಬ ರೈತನ ಬದುಕು ಮುಗಿಯಿತು.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದರು, ನವೆಂಬರ್‌ನಲ್ಲಿ. 62 ವರ್ಷ. ಹೈಸ್ಕೂಲಿನ ಆಮೇಲೆ ಸೈಕಲ್ ಮುಟ್ಟಿರಲಿಲ್ಲ. ಸೆವೆನ್‌ಹಿಲ್‌ನಿಂದ ಕ್ಲೇರ್‌ವರೆಗಿನ ಇಳಿಜಾರಿಗೆ ಮಾತ್ರ ಕರೆದುಕೊಂಡು ಹೋದೆ. ಮೊದಲು ಬ್ರೇಕ್ ಹಿಡಿದೇ ಬಂದರು. ಆಮೇಲೆ ಬಿಟ್ಟರು. ನಾನು ಹಿಂದೆ ಉಳಿದೆ. ತಿರುವಿನಲ್ಲಿ ನೋಡಿದರೆ ಅಮ್ಮ ಇಳಿದಿದ್ದಾರೆ, ಸೈಕಲ್ ಪಕ್ಕಕ್ಕೆ ಒರಗಿದೆ. ಬೇಲಿಯ ಈಚೆಗೇ ಕುಕ್ಕರಗಾಲಲ್ಲಿ ಕೂತು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಮೊದಲ ಬಳ್ಳಿಯ ಎಲೆಗಳ ಅಡಿಭಾಗ ನೋಡುತ್ತಿದ್ದರು. ಊರಲ್ಲಿ ಪ್ರತಿ ಬೆಳಿಗ್ಗೆ ಎಲೆ ಮಗುಚಿ ನೋಡುವುದು ಅವರ ರೂಢಿ. ಬಳ್ಳಿ ಮುಟ್ಟಬಾರದು ಅಂತ ನಾನು ಹೇಳಿದ್ದು ನೆನಪಿತ್ತು.

‘ಬಿಳಿ ಬೂಜು ಒಂದು ಚೂರೂ ಇಲ್ಲ ಕಣೋ’ ಅಂದರು. ‘ಚೆನ್ನಾಗಿ ನೋಡ್ಕೊಂಡಿದಾರೆ.’