ಹೆಬ್ಬೆಟ್ಟು ಒತ್ತಿಸುವ ಮೊದಲು

ಮುಧೋಳದಲ್ಲಿ ನನ್ನದು ಬಾಂಡ್ ರೈಟರ್ ಕೆಲಸ. ಖರೀದಿ ಪತ್ರ, ವಾಟ್ನಿ ಅಂದರೆ ಪಾಲುಪತ್ರ, ಹಕ್ಕುಬಿಡುಗಡೆ, ದಾನಪತ್ರ, ಮೃತ್ಯುಪತ್ರ ಅಂದರೆ ಉಯಿಲು, ಹೀಗೆ ಸಬ್ ರಜಿಸ್ಟ್ರಾರ್ ಮುಂದೆ ಹೋಗುವ ಕಾಗದವೆಲ್ಲ ಮೊದಲು ನಮ್ಮಂಥವರ ಮೇಜು ದಾಟಬೇಕು. ವಯಸ್ಸಾದವರ ಮೇಲಿನ ದೌರ್ಜನ್ಯ ಅಂದರೆ ಹೊಡೆತ, ಬೈಗುಳ, ಪೊಲೀಸ್ ಸ್ಟೇಷನ್ ಅಂತ ಜನ ಅಂದುಕೊಂಡಿದ್ದಾರೆ. ನನ್ನ ಮೇಜಿಗೆ ಅದು ಇಸ್ತ್ರಿ ಅಂಗಿ ಹಾಕಿಕೊಂಡು, ಅಪ್ಪನ ಕೈ ಹಿಡಿದು ನಡೆಸಿಕೊಂಡು, "ಇವತ್ತ ಮುಗಿಸಿಬಿಡ್ರಿ ಸರ" ಅನ್ನುತ್ತ ಬರುತ್ತದೆ.

ಈ ಅವಸರಕ್ಕೆ ಕಾರಣ ಇದೆ. ನಮ್ಮದು ಘಟಪ್ರಭಾ ದಂಡೆಯ ಕಬ್ಬಿನ ಸೀಮೆ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರು ಅಪ್ಪನದು, ದುಡಿಯುವವನು ಮಗ. ಸೊಸೈಟಿ ಸಾಲಕ್ಕೆ ಅಪ್ಪನ ಸಹಿ ಬೇಕು, ಕಬ್ಬಿನ ಬಿಲ್ಲು ಬಹಳ ಸಲ ಅಪ್ಪನ ಖಾತೆಗೇ ಬೀಳುತ್ತದೆ. ನಲವತ್ತೈದು ವರ್ಷದ ಮಗ ಗೊಬ್ಬರದ ದುಡ್ಡಿಗೂ ಅಪ್ಪನ ಮುಂದೆ ನಿಲ್ಲಬೇಕಾದಾಗ ಅವನ ಸಿಟ್ಟಿನಲ್ಲೂ ನ್ಯಾಯ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆಲಮಟ್ಟಿ ಹಿನ್ನೀರಿನ ಕಡೆ ಹೋದರೆ ಇದಕ್ಕೆ ಮುಳುಗಡೆ ಪರಿಹಾರದ ಲೆಕ್ಕವೂ ಸೇರುತ್ತದೆ. ಮನೆಯೊಳಗಿನವರಿಗೆ ಬರೆದುಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಹಗುರ. ಹಾಗಾಗಿ ಎಲ್ಲರ ಬಾಯಲ್ಲೂ ಅದೇ: ದಾನಪತ್ರ ಮಾಡಿಸಿಬಿಡೋಣ.

ನಾನು ಮೊದಲು ನೋಡುವುದು, ಕೇಳಿದ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ ಅನ್ನುವುದನ್ನು. ಒಮ್ಮೆ ಒಬ್ಬ ಆಯಿ ಬಂದಿದ್ದರು, ಪಕ್ಕದಲ್ಲಿ ಮಗ. "ಆಯೀ, ಯಾವ ಹೊಲ ಬರೀಬೇಕ್ರಿ?" ಅಂದೆ. ಮಗ ಸರ್ವೆ ನಂಬರು ಹೇಳಿದ. "ಎಷ್ಟ ಎಕರೆ ಐತ್ರಿ?" ಅದಕ್ಕೂ ಅವನೇ. "ಮಕ್ಕಳೆಷ್ಟ ಮಂದಿ ನಿಮಗ?" ಅಂದಾಗಲೂ ಆಯಿ ಮಗನ ಮುಖ ನೋಡಿದರು. ಇಂಥ ಹೊತ್ತಿಗೆ ನನ್ನ ಹತ್ತಿರ ಒಂದು ಉಪಾಯವಿದೆ: ಆಧಾರ್ ಝರಾಕ್ಸ್ ಸಾಲದು, ಇನ್ನೆರಡು ಪ್ರತಿ ಬೇಕು ಅಂತ ಮಗನನ್ನು ಅಂಗಡಿಗೆ ಕಳಿಸುವುದು. ಅವನು ಅತ್ತ ಹೋದ ಮೇಲೆ ಮತ್ತೆ ಕೇಳಿದೆ, "ಆಯೀ, ಇವತ್ತ ಇಲ್ಲಿಗೆ ಯಾಕ ಬಂದೀರಿ?"

"ಸೊಸೈಟಿ ಸಾಲಕ್ಕ ಹೆಬ್ಬಟ್ಟ ಒತ್ತೂದೈತಿ ಅಂದಾನ ತಮ್ಮಾ."

ಆ ದಿನ ಪತ್ರ ಆಗಲಿಲ್ಲ. ಮಗ ನನ್ನನ್ನು ಬೈದು ಹೋದ. ಆಚೆ ಮೇಜಿನವರು ಬರೆದುಕೊಟ್ಟರೋ ಏನೋ, ಆ ಮಾತು ಬೇರೆ. ಒಬ್ಬ ರೈಟರ್ ಒಲ್ಲೆ ಅಂದರೆ ಲೋಕ ನಿಲ್ಲುವುದಿಲ್ಲ ಅನ್ನುವುದು ನನಗೂ ಗೊತ್ತಿದೆ.

ಹೆಬ್ಬೆಟ್ಟು ಒತ್ತಿಸುವ ಕೆಲಸದಲ್ಲಿ ಮುದುಕರ ಕೈ ನಮ್ಮ ಕೈಯಲ್ಲಿರುತ್ತದೆ. ತಿಂಗಳುಗಟ್ಟಲೆ ಕತ್ತರಿಸದ ಉಗುರು, ತೋಳಿನ ಮೇಲೆ ಬಿಗಿಯಾಗಿ ಹಿಡಿದ ಬೆರಳಿನ ಗುರುತು, ಮೈಗೆ ನೀರು ಬಿದ್ದು ಎಷ್ಟೋ ದಿನವಾದ ವಾಸನೆ, ಒಂದು ಕಣ್ಣಿನ ಗಾಜು ಒಡೆದ ಚಾಳೀಸು. ಇವುಗಳಲ್ಲಿ ಒಂದನ್ನೇ ಹಿಡಿದು ಮಗನನ್ನು ಕೆಟ್ಟವನು ಅನ್ನಬಾರದು, ವಯಸ್ಸಾದ ಚರ್ಮ ಸ್ವಲ್ಪ ತಾಗಿದರೂ ಕಂದುತ್ತದೆ. ಆದರೆ ಸಂಧ್ಯಾ ಸುರಕ್ಷಾ ಪಗಾರ ಯಾರು ತೆಗೆಯುತ್ತಾರೆ ಅಂದರೆ "ಸೊಸಿ ಹತ್ರ ಪಾಸ್‌ಬುಕ್ ಐತಿ", ಓಟಿಪಿ ಬರುವ ಮೊಬೈಲು ಮೊಮ್ಮಗನ ಕಿಸೆಯಲ್ಲಿ, ಹೆಣ್ಣುಮಕ್ಕಳು ತವರಿಗೆ ಬರದೆ ವರ್ಷವಾಯಿತು ಅಂತೆಲ್ಲ ಒಂದರ ಹಿಂದೆ ಒಂದು ಹೊರಬಿದ್ದರೆ ನಾನು ಪೆನ್ನು ಕೆಳಗಿಡುತ್ತೇನೆ.

ಈಗ ಕಾಗದದ ಮಾತು. ಮೃತ್ಯುಪತ್ರವನ್ನು ಬರೆದವರು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು. ದಾನಪತ್ರ ಹಾಗಲ್ಲ. ನೋಂದಣಿಯಾಗಿ ದಾನ ಪಡೆದವರು ಸ್ವೀಕರಿಸಿದ ಮೇಲೆ, ಮನಸ್ಸು ಬದಲಾಯಿತು ಅಂತ ಹಿಂದೆ ಪಡೆಯಲು ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹೊಲ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಕೊಡಲೇಬೇಕು ಅಂತಿದ್ದರೆ ಮೃತ್ಯುಪತ್ರ ಬರೆಸಿ ಅಂತ ಮೊದಲು ಹೇಳುತ್ತೇನೆ. ದಾನಪತ್ರವೇ ಬೇಕು ಅಂದರೆ ಒಂದು ಸಾಲು ಕೇಳದೇ ಸೇರಿಸುತ್ತೇನೆ: ದಾನ ಪಡೆದವರು ದಾನ ಕೊಟ್ಟವರಿಗೆ ಬದುಕಿರುವವರೆಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಕೊಡತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು. ಓದಿ ಹೇಳಿದಾಗ ಎಷ್ಟೋ ಮಕ್ಕಳು "ಬರೀರಿ ಸರ, ನಾವೇನ್ ಬಿಡ್ತೀವೇನ್ರಿ" ಅನ್ನುತ್ತಾರೆ. "ಅದ್ಯಾಕ ಬೇಕ್ರಿ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಎದ್ದು ನಿಲ್ಲುವವರೂ ಇದ್ದಾರೆ. ಆಗ ಅಪ್ಪನೂ ಸ್ವಲ್ಪ ಎಚ್ಚರಾಗುತ್ತಾನೆ.

ಆ ಸಾಲಿಗೆ ಬಲ ಬಂದಿರುವುದು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕಾಯ್ದೆಯಿಂದ. ಅದರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ರದ್ದು ಮಾಡಬಹುದು. ಕಾಯ್ದೆ ಬಂದ ಮೇಲಿನ ಪತ್ರಗಳಿಗೆ ಮಾತ್ರ ಇದು. ಷರತ್ತು ಇದೆ ಅಂತ ತೋರಿಸಲಾಗದಿದ್ದರೆ ಈ ಕಲಮು ನೆರವಿಗೆ ಬರದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಒಳಿತಿಗಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಅಂದು ತಾಯಿಯ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಆದ್ದರಿಂದ ಷರತ್ತಿನ ಸಾಲು ಇಲ್ಲದ ಪತ್ರದವರೂ ಅರ್ಜಿ ಕೊಡಬೇಕು. ಸಾಲು ಇದ್ದರೆ ವಾದಕ್ಕೇ ಜಾಗ ಕಡಿಮೆ.

ಆ ನ್ಯಾಯಮಂಡಳಿ ಬೇರೆಲ್ಲೂ ಇಲ್ಲ, ನಮ್ಮ ಎ.ಸಿ. ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಗಳ ಕಚೇರಿಯೇ. ಮುಧೋಳ, ಬೀಳಗಿಯವರಿಗೆ ಜಮಖಂಡಿ. ಬಾದಾಮಿ, ಹುನಗುಂದದವರಿಗೆ ಬಾಗಲಕೋಟೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದರೆ ಸಾಕು, ವಕೀಲರೇ ಬೇಕು ಅಂತಿಲ್ಲ. 60 ತುಂಬಿದ ಯಾರು ಬೇಕಾದರೂ ಕೊಡಬಹುದು. ತಂದೆ ತಾಯಿಯಾದರೆ ವಯಸ್ಸಿನ ಕಟ್ಟೂ ಇಲ್ಲ. ತಾವೇ ಬರಲಾಗದಿದ್ದರೆ ಬೇರೆಯವರಿಗೆ ಅಧಿಕಾರ ಕೊಡಬಹುದು. ತಿಂಗಳ ಖರ್ಚಿಗೆ 10,000 ರೂಪಾಯಿವರೆಗೆ ಆದೇಶ ಮಾಡಿಸಿಕೊಳ್ಳಲು ಬರುತ್ತದೆ. ಅಂಥ ಅರ್ಜಿಯನ್ನು ಎದುರಿನವರಿಗೆ ನೋಟಿಸ್ ಮುಟ್ಟಿದ 90 ದಿನಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅರ್ಜಿ ಬರೆದುಕೊಡುವಾಗ ನಾನು ಗಮನಿಸಿದ್ದು: ಜನ ಸಿಟ್ಟಿನಲ್ಲಿ ಸೊಸೆಯೊಬ್ಬಳ ಹೆಸರನ್ನೇ ಬರೆಸುತ್ತಾರೆ. ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಕ್ಕಳು. ಮಗನ ಹೆಸರು ಇರಲೇಬೇಕು. ಮಕ್ಕಳಿಲ್ಲದವರು ಆಸ್ತಿಗೆ ವಾರಸುದಾರನಾಗುವ ಸಂಬಂಧಿಕನ ಮೇಲೆ ಕೇಳಬಹುದು.

ಹೊಡೆತ, ಕೋಣೆಯಲ್ಲಿ ಕೂಡಿಹಾಕುವುದು ಇದ್ದರೆ ಕಾಗದಕ್ಕೆ ಕಾಯಬಾರದು, 112ಕ್ಕೆ ಫೋನ್ ಮಾಡಬೇಕು. ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ 14567, ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ದುಡ್ಡಿಲ್ಲದೆ. ಪಕ್ಕದ ಮನೆಯವರೂ ಮಾಡಬಹುದು. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ; ಹೆಂಗಸರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ.

ಹಿರಿಯರನ್ನು ಎಲ್ಲೋ ಬಿಟ್ಟು ಹೋಗುವುದಂತೂ ಅಪರಾಧವೇ. ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2025ರ ಮಾರ್ಚ್‌ನಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟುಹೋಗಿದ್ದಾರೆ ಅನ್ನುವ ಸಂಗತಿ ಹೊರಬಂತು. ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿ ಪತ್ರ ರದ್ದು ಮಾಡಿಸಲು ಕ್ರಮ ತೆಗೆದುಕೊಳ್ಳಿ ಅಂತ ವೈದ್ಯಕೀಯ ಶಿಕ್ಷಣ ಸಚಿವರು ಅಧಿಕಾರಿಗಳಿಗೆ ಹೇಳಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಹಿರಿಯರು ಹಿಂದೇಟು ಹಾಕುತ್ತಾರೆ. "ಮಗನ ಮ್ಯಾಲ ಕೇಸ್ ಹಾಕಿದ್ರ ನಾಳಿಗಿ ಹೆಣಕ್ಕ ಹೆಗಲ ಕೊಡಾವ್ರು ಯಾರೋ ತಮ್ಮಾ?" ಈ ಮಾತಿಗೆ ಕಲಮು ತೋರಿಸಿ ಪ್ರಯೋಜನವಿಲ್ಲ. ನಾನು ಹೇಳುವುದು ಇಷ್ಟೇ: ಎ.ಸಿ. ಕಚೇರಿಯಲ್ಲಿ ಅರ್ಜಿ ಕೊಟ್ಟ ಕೂಡಲೇ ಮಗನನ್ನು ಜೈಲಿಗೆ ಒಯ್ಯುವುದಿಲ್ಲ. ಮೊದಲು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಸಂಧಾನಾಧಿಕಾರಿಗೆ ಒಪ್ಪಿಸಲು ಅವಕಾಶವಿದೆ. ಅದನ್ನು ಕೇಳಿದ ಮೇಲೆ ಕೆಲವರು ಕೂತುಕೊಳ್ಳುತ್ತಾರೆ. ಆಗ ದಾನಪತ್ರದ ನಕಲು, ಉತಾರ, ಆಧಾರ್, ಪಾಸ್‌ಬುಕ್ಕು, ದವಾಖಾನೆ ಚೀಟಿ ಇದ್ದರೆ ಅದೂ ತೆಗೆದುಕೊಂಡು ಬನ್ನಿ ಅನ್ನುತ್ತೇನೆ. ಕಾಗದ ಮಗನ ಹತ್ತಿರ ಉಳಿದಿದ್ದರೂ ಚಿಂತೆ ಇಲ್ಲ, ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಬ್ ರಜಿಸ್ಟ್ರಾರ್ ಕಚೇರಿಯಲ್ಲೇ ಸಿಗುತ್ತದೆ. ಅದಕ್ಕೆ ಮಗನನ್ನು ಕೇಳಬೇಕಾಗಿಲ್ಲ.