ಬೆಂಕಿ ರೋಗ: ಮಚ್ಚೆ ಕಾಣುವ ಮೊದಲೇ ನಡೆಯುವ ಕೆಲಸ

ಭತ್ತದ ಎಲೆ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ, ಅಂಚು ಕಂದಾದ ಮಚ್ಚೆ ಕಂಡರೆ ಅದು ಬೆಂಕಿ ರೋಗ. ಮಚ್ಚೆ ಕಂಡ ದಿನವೇ ರೋಗ ಬಂತು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ ಹೊತ್ತಿಗೆ ಶಿಲೀಂಧ್ರ ಎಲೆಯೊಳಗೆ ಹೊಕ್ಕು ನಾಲ್ಕೈದು ದಿನ ಕಳೆದಿರುತ್ತದೆ.

ಇದರ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಮೂರು ಕೋಶಗಳ ಬೀಜಕಣ ಹೆಚ್ಚಾಗಿ ರಾತ್ರಿ ಹೊತ್ತು ಗಾಳಿಯಲ್ಲಿ ತೇಲಿ ಬಂದು ಇಬ್ಬನಿ ಕೂತ ಎಲೆಗೆ ಬೀಳುತ್ತದೆ. ತುದಿಯಿಂದ ಅಂಟು ಬಿಟ್ಟು ಗಟ್ಟಿಯಾಗಿ ಕೂರುತ್ತದೆ, ಎರಡು ಗಂಟೆಯೊಳಗೆ ಸಣ್ಣ ಎಳೆ ಚಾಚುತ್ತದೆ. ಎಳೆಯ ತುದಿ ಉಬ್ಬಿ ಗುಮ್ಮಟದಂತಾಗುತ್ತದೆ. ಅದಕ್ಕೆ ಬೇಕಾದ್ದು ಗಟ್ಟಿಯಾದ, ನೀರು ಹಿಡಿಯದ ಮೈ ಅಷ್ಟೇ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಹಾಳೆ ಕೊಟ್ಟರೂ ಎಲೆ ಅಂತಲೇ ನಂಬಿ ಗುಮ್ಮಟ ಕಟ್ಟುತ್ತದೆ!

ಗುಮ್ಮಟದ ಗೋಡೆಗೆ ಒಳಗಿನಿಂದ ಮೆಲನಿನ್ ಎಂಬ ಕಪ್ಪು ಬಣ್ಣದ ಪದರ ಬಳಿದುಕೊಳ್ಳುತ್ತದೆ. ಕೂಡಿಟ್ಟ ಕೊಬ್ಬು, ಗ್ಲೈಕೋಜೆನ್ ಕರಗಿ ಗ್ಲಿಸರಾಲ್ ಆಗುತ್ತದೆ. ಮೆಲನಿನ್ ಇರುವುದರಿಂದ ಗ್ಲಿಸರಾಲ್ ಹೊರಗೆ ಸೋರುವುದಿಲ್ಲ, ನೀರು ಮಾತ್ರ ಒಳಗೆ ನುಗ್ಗುತ್ತದೆ. ಒತ್ತಡ 80 ವಾಯುಭಾರದವರೆಗೆ ಏರುತ್ತದೆ. ಕಾರಿನ ಟೈರಿನ ಗಾಳಿಗೆ ಹೋಲಿಸಿದರೆ ಸುಮಾರು 35 ಪಟ್ಟು. ಅಷ್ಟೂ ಒತ್ತಡ ತಳದಲ್ಲಿರುವ ಸೂಜಿಯಂಥ ಮೊಳೆಯ ಮೇಲೆ ಬಿದ್ದು, ಅದು ಎಲೆಯ ಹೊರಪದರವನ್ನು ತೂತು ಮಾಡಿಕೊಂಡು ಒಳಗಿಳಿಯುತ್ತದೆ.

ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕ ಕೈ ಹಾಕುವುದು ಇಲ್ಲೇ. ಅದು ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಗುಮ್ಮಟಕ್ಕೆ ಒತ್ತಡ ನಿಲ್ಲುವುದಿಲ್ಲ. ಆದ್ದರಿಂದಲೇ ಈಗಾಗಲೇ ಒಳಹೊಕ್ಕ ಶಿಲೀಂಧ್ರದ ಮೇಲೆ ಅದರ ಆಟ ನಡೆಯುವುದಿಲ್ಲ. ‘ಔಷಧಿ ಹೊಡೆದೆ, ಮಚ್ಚೆ ಹೋಗಲಿಲ್ಲ’ ಅನ್ನುವ ದೂರಿಗೆ ಕಾರಣ ಇದೇ. ಹಳೇ ಮಚ್ಚೆ ಹೋಗುವುದೇ ಇಲ್ಲ, ಹೊಸ ಎಲೆಗೆ ಬರುತ್ತಿದೆಯೇ ಅಂತ ನೋಡಬೇಕು. ಶೇ. 75ರ ಪುಡಿಯಾದರೆ ಲೀಟರ್ ನೀರಿಗೆ 0.6 ಗ್ರಾಂ, ಎಕರೆಗೆ 200 ಲೀಟರ್ ದ್ರಾವಣಕ್ಕೆ 120 ಗ್ರಾಂ. ನೀರು ಕಡಿಮೆ ಮಾಡಿ ನಾಲ್ಕೇ ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಬುಡದ ಎಲೆಗಳಿಗೆ ಏನೂ ತಲುಪುವುದಿಲ್ಲ.

ಪೈರು ಸುಮ್ಮನೆ ಕೂತಿರುವುದಿಲ್ಲ. ಶಿಲೀಂಧ್ರದ ಕೋಶಗಳ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ. ಅದರ ಚೂರು ಸಿಕ್ಕರೆ ಭತ್ತದ ಕೋಶ ಗುರುತಿಸಿ ಎಚ್ಚೆತ್ತುಕೊಳ್ಳುತ್ತದೆ. ಶಿಲೀಂಧ್ರ ಅದಕ್ಕೂ ಉಪಾಯ ಮಾಡಿದೆ: ಆ ಚೂರುಗಳನ್ನು ತಾನೇ ಹಿಡಿದು ಮುಚ್ಚಿಡುವ ಪ್ರೋಟೀನನ್ನು ಸುರಿಸುತ್ತದೆ. ಆಮೇಲಿನ ಹೋರಾಟ ವಂಶವಾಹಿಗಳದ್ದು. ಪೈ-ಟಾ ಎಂಬ ನಿರೋಧಕ ವಂಶವಾಹಿ ಇರುವ ತಳಿ ಶಿಲೀಂಧ್ರದ ಒಂದು ನಿರ್ದಿಷ್ಟ ಪ್ರೋಟೀನನ್ನು ಪತ್ತೆ ಹಚ್ಚಿದೊಡನೆ ಸೋಂಕು ತಗಲಿದ ಕೋಶವನ್ನೇ ಸಾಯಿಸುತ್ತದೆ. ಸತ್ತ ಕೋಶದಲ್ಲಿ ಆರಂಭದ ಹಂತದ ಶಿಲೀಂಧ್ರಕ್ಕೆ ಬದುಕಿಲ್ಲ. ಎಲೆ ಮೇಲೆ ಗುಂಡುಪಿನ್ನಿನ ತಲೆಯಷ್ಟು ಕಂದು ಚುಕ್ಕೆ ಉಳಿಯುತ್ತದೆ, ದೊಡ್ಡದಾಗುವುದಿಲ್ಲ. ಆದರೆ ಶಿಲೀಂಧ್ರ ಆ ಪ್ರೋಟೀನನ್ನು ಕಳೆದುಕೊಂಡರೆ ಅಥವಾ ಬದಲಿಸಿಕೊಂಡರೆ ತಳಿಯ ಕಣ್ಣಿಗೆ ಬೀಳುವುದಿಲ್ಲ. ಒಂದೇ ವಂಶವಾಹಿ ನಂಬಿದ ತಳಿಗಳು ಕೆಲವೇ ವರ್ಷಗಳಲ್ಲಿ ಸೋಲುವುದು ಹೀಗೆ.

ನಮ್ಮಲ್ಲಿ ಊಟಕ್ಕೆ ಎಲ್ಲರೂ ಮೆಚ್ಚುವ ಬಿಪಿಟಿ 5204 ತಳಿಗೆ, ಅಂದರೆ ಸಾಂಬಾ ಮಸೂರಿಗೆ, ಈ ರೋಗದ ಮುಂದೆ ಶಕ್ತಿ ಸಾಲದು. ಸುಧಾರಿತ ಸಾಂಬಾ ಮಸೂರಿ ಹಾಕಿದ್ದೇನೆ, ಬೆಂಕಿ ರೋಗದ ಚಿಂತೆಯಿಲ್ಲ ಅನ್ನುವವರೂ ಇದ್ದಾರೆ. ಅದಕ್ಕೆ ಸೇರಿಸಿರುವುದು ಬ್ಯಾಕ್ಟೀರಿಯಾದಿಂದ ಬರುವ ಎಲೆ ಒಣಗು ರೋಗ ತಡೆಯುವ ವಂಶವಾಹಿಗಳನ್ನು, ರೋಗವೇ ಬೇರೆ.

ತಳಿ ಬದಲಿಸಲಾಗದಿದ್ದರೆ ಯೂರಿಯಾದ ಮೇಲೆ ಹಿಡಿತ ಬೇಕು. ಸಾರಜನಕ ಹೆಚ್ಚಾದಷ್ಟೂ ಎಲೆ ಮೃದು, ಪೈರು ದಟ್ಟ, ಬೆಳಿಗ್ಗೆ ಇಬ್ಬನಿ ಆರುವುದು ತಡ. ಎಲೆ ಹತ್ತು ಗಂಟೆ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಹಬ್ಬ. ಮೇಲುಗೊಬ್ಬರವನ್ನು ಎರಡು ಮೂರು ಕಂತು ಮಾಡಿ, ಮೋಡ ಕವಿದು ತುಂತುರು ಹಿಡಿದ ವಾರದಲ್ಲಿ ಮುಂದಕ್ಕೆ ಹಾಕಿ. ಭತ್ತ ಮಣ್ಣಿನಿಂದ ಸಿಲಿಕಾ ಹೀರಿ ಎಲೆಯ ಹೊರಪದರದಡಿ ಗಾಜಿನಂತೆ ಹಾಸಿಕೊಳ್ಳುತ್ತದೆ, ಮೊಳೆ ಇಳಿಯುವುದು ಕಷ್ಟವಾಗುತ್ತದೆ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾವೇ ಇದೆ. ಅದನ್ನು ಗದ್ದೆಗೆ ಹಾಕದೆ ರಸ್ತೆ ಬದಿಗೆ ಸುರಿಯುವುದು ನನಗೆ ಒಪ್ಪದ ಮಾತು.

ಎಲೆಯಲ್ಲಿ ಬಂದದ್ದಕ್ಕಿಂತ ತೆನೆಯ ಕುತ್ತಿಗೆಗೆ ಬಂದ ರೋಗವೇ ಹೆಚ್ಚು ನಷ್ಟ ಮಾಡುವುದು. ತೆನೆಯ ಬುಡದ ಗಿಣ್ಣು ಕಪ್ಪಾಗಿ, ಕಾಳಿಗೆ ಹಾಲು ಸಿಗದೆ ಜೊಳ್ಳಾಗುತ್ತದೆ. ಆದ್ದರಿಂದ ಸಿಂಪಡಣೆ ತೆನೆ ಹೊರಬರುವ ಮುನ್ನ, ಹೊಡೆ ತುಂಬಿದಾಗ ಆಗಬೇಕು. ತೆನೆ ಬೆಳ್ಳಗಾದ ಮೇಲೆ ಗೊಂದಲವಾದರೆ ಎಳೆದು ನೋಡಿ: ಸಲೀಸಾಗಿ ಕಿತ್ತು ಬಂದು ಬುಡದಲ್ಲಿ ಹುಳು ಕಡಿದ ಗುರುತಿದ್ದರೆ ಕಾಂಡಕೊರಕ. ಕೀಳಲು ಬಾರದೆ ಕತ್ತಿನ ಕಪ್ಪು ಪಟ್ಟಿಯಲ್ಲೇ ಮುರಿದರೆ ಬೆಂಕಿ ರೋಗ. ಆಗ ಹೊಡೆದ ಔಷಧಿ ಆ ತೆನೆಗೆ ತಲುಪುವುದಿಲ್ಲ, ಇನ್ನೂ ಹೊರಬರುತ್ತಿರುವ ತೆನೆಗಳನ್ನು ಉಳಿಸೀತು.