ಅಡಿಕೆ ಪಟ್ಟಿ, ಪೈಸೆ ಲೆಕ್ಕ, ಪೈಥಾನ್

ವೆಬ್‌ಸೈಟ್ ಕಟ್ಟೋ ಪಿಎಚ್‌ಪಿ ಭಾಷೆ ಒಂದನ್ನೇ ನಂಬ್ಕೊಂಡು ಬೆಂಗಳೂರಲ್ಲಿ ವರ್ಷಗಟ್ಲೆ ಅನ್ನ ತಿಂದವ ನಾನು. ಕಾಂಟ್ರಾಕ್ಟ್ ಮುಗೀತು, ಶಿರಸಿ ಹತ್ರ ಮನೆಗೆ ಬಂದು ಕೂತೆ, ಕೆಲಸ ಹುಡುಕಿದ್ರೆ ಎಲ್ಲಾ ಕಡೆ ಪೈಥಾನ್ ಭಾಷೆ, ಅದ್ರಲ್ಲಿ ವೆಬ್‌ಸೈಟ್ ಕಟ್ಟೋ ಜಾಂಗೋ, ಕೋಡಿನ ಬದಲಾವಣೆ ಲೆಕ್ಕ ಇಡೋ ಗಿಟ್ ಅಂತಾನೇ ಕೇಳ್ತಾರೆ. ಸರಿ, ಕೋರ್ಸ್ ಶುರು ಮಾಡಿದೆ. ಭಾಷೆ ಎಂತಾ ಕಷ್ಟ ಆಗ್ಲಿಲ್ಲ, ಲೂಪ್ ಎಲ್ಲಿದ್ರೂ ಲೂಪೇ, ಡೇಟಾಬೇಸಿಂದ ಮಾಹಿತಿ ತೆಗೆಯೋ ಎಸ್‌ಕ್ಯೂಎಲ್ ಅಂತೂ ಅದೇ. ಆದ್ರೆ ಕೋರ್ಸಲ್ಲಿ ಮಾಡ್ಸೋದು ಟು-ಡು ಲಿಸ್ಟು, ಅದನ್ನ ಯಾರಿಗೆ ತೋರಿಸ್ಲಿ?

ಆಗ ಸಿಕ್ಕಿದ್ದು ಅಪ್ಪನ ಅಡಿಕೆ ಪಟ್ಟಿ (ಮಾರಾಟದ ಬಿಲ್ಲು) ಫೈಲು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆ ನಮೂನೆಗಳು, ಒಂದೊಂದಕ್ಕೂ ಬೇರೆ ದರ, ದರ ಕ್ವಿಂಟಲಿಗೆ, ತೂಕ ಕೆಜಿ-ಗ್ರಾಂ ಲೆಕ್ಕದಲ್ಲಿ, ಮೇಲಿಂದ ಹಮಾಲಿ ಕಳೀಬೇಕು. ಅದನ್ನೇ ಜಾಂಗೋದಲ್ಲಿ ಕಟ್ಟೋಕೆ ಕೂತೆ. ಅಪ್ಪ ಪಕ್ಕದಲ್ಲಿ ಕವಳ ಹಾಕ್ತಾ, "ತಮಾ, ಪೈಸೆ ಸಮಾ ಬರ್ತದಾ ಅದ್ರಲ್ಲಿ?" ಅಂದ್ರು.

ಕೇಳ್ಬೇಕಾದ ಪ್ರಶ್ನೆನೇ ಅದು. ಪೈಥಾನಿಗೆ 2.675 ಅನ್ನ ಎರಡು ಸ್ಥಾನಕ್ಕೆ ರೌಂಡ್ ಮಾಡು ಅಂದ್ರೆ 2.67 ಅಂತದೆ, ಅಪ್ಪ 2.68 ಅಂತಾರೆ. ದಶಮಾಂಶ ಸಂಖ್ಯೆನ ಪೈಥಾನ್ ಮಾಮೂಲಿಯಾಗಿ ಇಡೋ ಫ್ಲೋಟ್ ಅನ್ನೋದು ಬೈನರಿಲಿ, ಅಂದ್ರೆ ಬರೀ 0, 1 ಲೆಕ್ಕದಲ್ಲಿ ಇರೋದ್ರಿಂದ 2.675 ಅಲ್ಲಿ ಸರಿಯಾಗಿ ಕೂರೋದಿಲ್ಲ, ಕೂದಲೆಳೆಯಷ್ಟು ಕಮ್ಮಿ ಆಗಿ ಕೂರ್ತದೆ. ಅದಕ್ಕೆ ನಮ್ಮ ಹತ್ತರ ಲೆಕ್ಕದಲ್ಲೇ ಸಂಖ್ಯೆ ಇಡೋ ಡೆಸಿಮಲ್ ಬೇಕು, ಅದ್ರಲ್ಲೂ ಸಂಖ್ಯೆನ ಸ್ಟ್ರಿಂಗ್ (ಅಕ್ಷರದ ಸಾಲು) ಮಾಡಿ ಕೊಡಬೇಕು, ಫ್ಲೋಟನ್ನೇ ಒಳಗೆ ಹಾಕಿದ್ರೆ ಆ ಕೊರತೆನೂ ಜೊತೆಗೇ ಬರ್ತದೆ. ಮತ್ತೆ ಡೆಸಿಮಲ್ಲಿನ ಮಾಮೂಲಿ ರೌಂಡಿಂಗು ಸರಿ ಅರ್ಧಕ್ಕೆ ಬಂದಾಗ ಸಮಸಂಖ್ಯೆ ಕಡೆ ವಾಲ್ತದೆ, ನಮ್ಮ ಪಟ್ಟಿಗೆ ಅದು ಆಗೋದಿಲ್ಲ, ರೌಂಡ್ ಹಾಫ್ ಅಪ್, ಅಂದ್ರೆ ಅರ್ಧ ಬಂದ್ರೆ ಮೇಲಕ್ಕೇ, ಅಂತ ಬಿಡಿಸಿ ಹೇಳ್ಬೇಕು. ಹಳೇ ಪಟ್ಟಿಗಳನ್ನೇ ಟೆಸ್ಟ್ ಕೇಸ್ ಮಾಡ್ದೆ, ಅಪ್ಪ ಕನ್ನಡಕ ಹಾಕ್ಕೊಂಡು ಒಂದೊಂದೇ ತಾಳೆ ನೋಡಿದ್ರು. ಅಷ್ಟು ಖಡಕ್ ಟೆಸ್ಟರ್ ನಂಗೆ ಬೆಂಗಳೂರಲ್ಲೂ ಸಿಕ್ಕಿರ್ಲಿಲ್ಲ.

ಇಂಟರ್ವ್ಯೂ ದಿನ ಜೋರು ಮಳೆ, ಮನೇಲಿ ನೆಟ್ವರ್ಕ್ ನಂಬೋ ಹಾಗಿಲ್ಲ, ಅದಕ್ಕೆ ಪ್ಯಾಟೆಗೆ ಹೋಗಿ ದೇವಿಕೆರೆ ಹತ್ರ ದೋಸ್ತನ ಅಂಗಡಿ ಹಿಂದಿನ ರೂಮಲ್ಲಿ ಕೂತೆ. ಸರ್ಟಿಫಿಕೇಟ್ ಬಗ್ಗೆ ಇಂಟರ್ವ್ಯೂ ಮಾಡಿದ ಮೇಡಂ ಒಂದು ಮಾತೂ ಕೇಳ್ಲಿಲ್ಲ. ಕೋಡ್ ತೆಗ್ಸಿದ್ರು, "ದುಡ್ಡಿಗೆ ಡೆಸಿಮಲ್ ಯಾಕೆ?" ಅಂದ್ರು, ನಾನು ಕೆಂಪುಗೋಟಿಂದ ಶುರು ಮಾಡಿದವ ನಿಲ್ಲಿಸ್ಲೇ ಇಲ್ಲ. ಆಮೇಲೆ, ನೂರು ಪಟ್ಟಿ ತೋರ್ಸೋವಾಗ ಪ್ರತಿಯೊಂದರ ಬೆಳೆಗಾರನ ಹೆಸರಿಗೂ ಡೇಟಾಬೇಸಿಗೆ ಬೇರೆ ಬೇರೆ ಕ್ವೆರಿ (ಮಾಹಿತಿ ಕೇಳಿಕೆ) ಹೋಗ್ತದಲ್ಲ, ಏನ್ ಮಾಡ್ತೀರಿ ಅಂದ್ರು. ಜಾಂಗೋದ ಸೆಲೆಕ್ಟ್ ರಿಲೇಟೆಡ್ ಹಾಕಿದ್ರೆ ಎರಡೂ ಟೇಬಲ್ ಜಾಯಿನ್ ಆಗಿ ಒಂದೇ ಕ್ವೆರಿಲಿ ಬರ್ತದೆ ಅಂದೆ. ಹೆಸರು ಮಾತ್ರ ಹೊಸ್ದು, ಜಾಯಿನ್ ಬರೆದು ಬರೆದು ಕೈ ಸವೆಸಿದ್ದು ಪಿಎಚ್‌ಪಿ ಕಾಲದಲ್ಲೇ.

ಕೆಲಸ ಕೊಟ್ರು. ಏನು ಅಂದ್ರೆ, ಒಂದು ಹಳೇ ಪಿಎಚ್‌ಪಿ 5 ಸೈಟನ್ನ ಜಾಂಗೋಗೆ ತರೋದು! 2015ರಲ್ಲಿ ಪಿಎಚ್‌ಪಿ 7 ಬಂದಾಗ ಕಿತ್ತು ಹಾಕಿದ, ಡೇಟಾಬೇಸ್ ಜೊತೆ ಮಾತಾಡೋ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು ಅದ್ರಲ್ಲಿ ಇನ್ನೂ ಹಾಗೇ ಇದಾವೆ, ಓದಿ ಅರ್ಥ ಮಾಡ್ಕೊಳ್ಳೋರು ಬೇಕಿತ್ತಂತೆ. ಸಂಬಳ ಮೊದ್ಲಿಗಿಂತ ಸ್ವಲ್ಪ ಕಮ್ಮಿ, ಮನೆಯಿಂದ್ಲೇ ಮಾಡ್ಬಹುದು ಅಂದಿದ್ದಕ್ಕೆ ಒಪ್ಕೊಂಡೆ. ಡಾಕರ್ (ಪ್ರೋಗ್ರಾಂಗೆ ಬೇಕಾದ್ದೆಲ್ಲ ಒಂದೇ ಡಬ್ಬಿಲಿ ಕಟ್ಟಿ ಓಡ್ಸೋ ಸಾಧನ) ಬರ್ತದಾ ಅಂತಾನೂ ಕೇಳಿದ್ರು, ಬರೋದಿಲ್ಲ ಅಂದೆ, ಈಗ ಅದನ್ನ ಇಳಿಸ್ಕೊಳ್ತಾ ಇದ್ದೆ, ಅರ್ಧಕ್ಕೇ ಕರೆಂಟು ಹೋಯ್ತು.